ವೋಚರ್ ಕೇಳಿದವನು

2025ರ ಮೇ 8, ಗುರುವಾರ. ಒಮಾನಿನಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಹಾಗಾಗಿ ಗುರುವಾರ ರಾತ್ರಿ ಎಂದರೆ ನಮಗೆ ಊರಿನ ಶನಿವಾರ ರಾತ್ರಿ ಇದ್ದಂತೆ. ಮಕ್ಕಳು ಮಲಗಿದ್ದರು. ರೂವಿಯ ನಮ್ಮ ಫ್ಲ್ಯಾಟಿನಲ್ಲಿ ನಾನು ಒಂದು ಕಣ್ಣು ಟಿವಿಯ ಮೇಲೆ, ಇನ್ನೊಂದು ಫೋನಿನ ಮೇಲೆ ಇಟ್ಟು ಕುಳಿತಿದ್ದೆ. ಹಾವೇರಿ, ಗದಗ, ಧಾರವಾಡದ ಕಡೆಯಿಂದ ಬಂದು ಮಸ್ಕತ್ತಿನಲ್ಲಿ ನೆಲೆಸಿದ 62 ಜನರ ವಾಟ್ಸ್‌ಆ್ಯಪ್ ಗುಂಪೊಂದಿದೆ. ಜೋಳದ ಹಿಟ್ಟು ಯಾವ ಅಂಗಡಿಗೆ ಬಂದಿದೆ, ಹುಬ್ಬಳ್ಳಿಗೆ ಹೊರಟವರ ಕೈಯಲ್ಲಿ ಎರಡು ಕಿಲೋ ಖರ್ಜೂರ ಕಳಿಸಬಹುದೇ, ಇಂಥವೇ ಅಲ್ಲಿಯ ಮಾತು. ಅದಕ್ಕೆ ನಾನೇ ಅಡ್ಮಿನ್. ಲೆಕ್ಕ ಬಲ್ಲವನು ಎಂದು ಯುಗಾದಿ ಊಟದ ವಂತಿಗೆಯ ಜೊತೆಗೆ ಇದೂ ನನ್ನ ಹೆಗಲಿಗೆ ಬಿದ್ದಿತ್ತು.

ಅಂದು ರಾತ್ರಿ ಒಂದು ವಾಹಿನಿಯ ನಂತರ ಇನ್ನೊಂದು, ನಮ್ಮ ನೌಕಾಪಡೆ ಕರಾಚಿ ಬಂದರನ್ನು ಧ್ವಂಸ ಮಾಡಿದೆ ಎಂದು ಕೂಗತೊಡಗಿದವು. ಮತ್ತೊಂದರಲ್ಲಿ ಇಸ್ಲಾಮಾಬಾದೇ ನಮ್ಮ ಕೈಸೇರಿತ್ತು. ಗುಂಪಿನಲ್ಲಿ ಧ್ವಜ, ಪಟಾಕಿ, ಸಿಂಹದ ಚಿತ್ರಗಳು ಒಂದರ ಮೇಲೊಂದು ಬಂದು ಬಿದ್ದವು. ನಾನೂ ಒಂದು ಧ್ವಜ ಹಾಕಿದೆ. ಆಗ ಗದಗಿನ ಗೆಳೆಯನೊಬ್ಬ, ನನ್ನ ಹಾಗೆಯೇ ಲೆಕ್ಕದ ಕೆಲಸದವನು, ಎರಡು ಸಾಲು ಬರೆದ: ‘ಖರೇನ ಇರಬಹುದು. ಆದ್ರ ಯಾರರೆ ಒಂದು ವೋಚರ್ ತೋರಸ್ರಿ. ನಾಳಿ ಇದು ಸುಳ್ಳಾದ್ರ, ಅಲ್ಲಿ ನಿಂತು ಹೋರಾಡೋರಿಗೆ ನಾವು ಮಾಡಿದ ಅವಮಾನ ಆಗ್ತದ.’

ಇಷ್ಟೇ. ಹದಿನೈದು ನಿಮಿಷದೊಳಗೆ ಅವನು ದೇಶದ್ರೋಹಿಯಾಗಿದ್ದ. ಕರಾಚಿಗೆ ಟಿಕೆಟ್ ತೆಗೆಸಿಕೊಡುವ ಮಾತು ಬಂತು, ವಂತಿಗೆ ಎತ್ತುವ ಮಾತೂ ಬಂತು. ಹಿರಿಯರೊಬ್ಬರು, ನಾನು ಬಹಳ ಗೌರವಿಸುವವರು, ‘ಹೆಣ ಮನೆಯೊಳಗ ಇರುವಾಗ ಲೆಕ್ಕ ಕೇಳಬಾರದು’ ಎಂದು ಬರೆದರು. ಆಮೇಲೆ ಯಾರೋ ‘ಅಡ್ಮಿನ್ ಸಾಹೇಬ್ರು ಎಲ್ಲಿದ್ದಾರೆ?’ ಎಂದರು. ಅಡ್ಮಿನ್ ಸಾಹೇಬರು ಅಲ್ಲೇ ಇದ್ದರು. ಗೆಳೆಯನ ಹೆಸರಿನ ಮೇಲೆ ಬೆರಳಿಟ್ಟೆ, ‘ತೆಗೆದುಹಾಕಿ’ ಎಂಬುದನ್ನು ಒತ್ತಿದೆ. ಗುಂಪಿನಲ್ಲಿ 61 ಜನ ಉಳಿದರು. ಅವನಿಗೆ ಬೇರೆಯಾಗಿ ಒಂದು ಸಂದೇಶ ಕಳಿಸಿದೆ: ನಾವಿಲ್ಲಿ ಪರದೇಶದಲ್ಲಿದ್ದೇವೆ, ಗುಂಪಿಗೆ ತೊಂದರೆಯಾಗಬಾರದು, ತಪ್ಪು ತಿಳಿಯಬೇಡ. ಅವನು ಓದಿದ. ಉತ್ತರ ಬರೆಯಲಿಲ್ಲ.

ಮರುದಿನ ಬೆಳಿಗ್ಗೆ ಹಾಲು ತರಲು ಇಳಿದಾಗ ನಮ್ಮ ಕಟ್ಟಡದ ಮೂರನೇ ಮಹಡಿಯ ನೆರೆಯವರು ಕಾರು ಒರೆಸುತ್ತ ನಿಂತಿದ್ದರು. ಅವರು ಕರಾಚಿಯವರು. ಮಸ್ಕತ್ತಿನಲ್ಲಿ ಇದು ವಿಶೇಷವೇನಲ್ಲ. ಇಲ್ಲಿಂದ ಬೆಂಗಳೂರಿಗಿಂತ ಕರಾಚಿ ಬಹಳ ಹತ್ತಿರ. ಈಗ ಪಾಕಿಸ್ತಾನದಲ್ಲಿರುವ ಗ್ವಾದರ್ ಬಂದರು 1958ರವರೆಗೆ ಒಮಾನಿನದೇ ಆಗಿತ್ತು. ಬಲೂಚಿ ಮಾತಾಡುವ ಒಮಾನಿಗಳು ನಮ್ಮ ಆಫೀಸಿನಲ್ಲೇ ಇದ್ದಾರೆ. ಆ ನಾಲ್ಕು ದಿನ ನಾವಿಬ್ಬರೂ ಲಿಫ್ಟಿನಲ್ಲಿ ಎದುರಾದರೆ ಬಿಸಿಲಿನ ಬಗ್ಗೆ ಮಾತ್ರ ಮಾತಾಡುತ್ತಿದ್ದೆವು. ಅಂದು ನನಗೆ ತಡೆಯಲಾಗಲಿಲ್ಲ. ‘ಮನೆಯಲ್ಲಿ ಎಲ್ಲ ಕ್ಷೇಮವೇ?’ ಎಂದು ಹಿಂದಿಯಲ್ಲಿ ಕೇಳಿದೆ. ಅವರ ತಾಯಿ ಇರುವುದು ಕೇಮಾಡಿಯಲ್ಲಿ, ಬಂದರಿನ ಪಕ್ಕದಲ್ಲೇ. ರಾತ್ರಿ ಯಾರೋ ನಮ್ಮ ಟಿವಿಯ ತುಣುಕು ಕಳಿಸಿದ್ದನ್ನು ನೋಡಿ ಇವರು ಗಾಬರಿಯಾಗಿ ಫೋನ್ ಮಾಡಿದ್ದರಂತೆ. ತಾಯಿ ಮಹಡಿ ಹತ್ತಿ ನೋಡಿ, ಬಂದರಿನ ಕ್ರೇನುಗಳು ಇದ್ದಲ್ಲೇ ಇವೆ ಎಂದು ಹೇಳಿ, ನಿದ್ದೆ ಕೆಡಿಸಿದ್ದಕ್ಕೆ ಮಗನನ್ನು ಬೈದರಂತೆ. ‘ನಮ್ಮ ಟಿವಿಯವರೂ ಏನೇನೋ ಹೇಳ್ತಿದ್ದಾರೆ ಭಾಯ್’ ಎಂದು ಅವರು ಬಟ್ಟೆ ಹಿಂಡಿದರು.

ಮುದುಕಿಯೊಬ್ಬಳು ಮಹಡಿ ಹತ್ತಿ ನೋಡಿದ್ದೇ ಗೆಳೆಯ ಕೇಳಿದ ವೋಚರ್. ಅದು ನನ್ನ ಕೈಗೆ ಬಂದಿತ್ತು. ನಾನು ಹಾಲಿನ ಪ್ಯಾಕೆಟ್ ಹಿಡಿದು ಮೇಲೆ ಬಂದೆ. ಗುಂಪಿನಲ್ಲಿ ಆಗಲೂ ಬಂದರು ಉರಿಯುತ್ತಲೇ ಇತ್ತು. ನಾನು ಏನೂ ಬರೆಯಲಿಲ್ಲ.

ರಾತ್ರಿ ಮಾಡಿದ್ದನ್ನು ಗಾಬರಿ ಎನ್ನಬಹುದು. ಬೆಳಿಗ್ಗೆ ಮಾಡಿದ್ದಕ್ಕೆ ಆ ಹೆಸರು ಒಪ್ಪುವುದಿಲ್ಲ. ಆ ಬೆಳಗನ್ನು ಅರ್ಥ ಮಾಡಿಕೊಳ್ಳಲಿಕ್ಕೇ ಈ ಲೇಖನ ಬರೆಯುತ್ತಿದ್ದೇನೆ.

ನನ್ನ ಪರವಾಗಿ ಹೇಳಬಹುದಾದದ್ದನ್ನು ಮೊದಲು ಹೇಳುತ್ತೇನೆ. ಆ ಏಪ್ರಿಲ್ 22ರಂದು ಪಹಲ್ಗಾಮಿನಲ್ಲಿ 26 ಜನರನ್ನು ಕೊಂದಿದ್ದರು. ಅವರಲ್ಲಿ ಹೆಂಡತಿ ಮಗನೊಂದಿಗೆ ಪ್ರವಾಸಕ್ಕೆ ಹೋದ ಶಿವಮೊಗ್ಗದವರೊಬ್ಬರೂ ಇದ್ದರು. ಸಿಟ್ಟು ಸುಳ್ಳಾಗಿರಲಿಲ್ಲ. ಯುದ್ಧಕಾಲದಲ್ಲಿ ಬಾಯಿ ಬಿಗಿಹಿಡಿಯಬೇಕಾದ ಸಂಗತಿಗಳೂ ಇವೆ. ಸೈನ್ಯದ ಚಲನವಲನವನ್ನು ನೇರಪ್ರಸಾರ ಮಾಡಬೇಡಿ ಎಂದು ಕೇಂದ್ರ ಸರ್ಕಾರ ಏಪ್ರಿಲ್ 26ರಂದು ವಾಹಿನಿಗಳಿಗೆ ಸೂಚನೆ ಕೊಟ್ಟಿತು. ಕಾರ್ಗಿಲ್, ಕಂದಹಾರ್ ವಿಮಾನ ಅಪಹರಣ, ಮುಂಬೈ ದಾಳಿಯ ಅನುಭವಗಳನ್ನು ಅದರಲ್ಲಿ ನೆನಪಿಸಿತ್ತು. ಇದಕ್ಕೆ ತಕರಾರು ಎತ್ತುವ ವಿವೇಕಿ ಯಾರೂ ಇರಲಿಕ್ಕಿಲ್ಲ. ಹಡಗು ಎಲ್ಲಿದೆ ಎಂಬುದನ್ನು ಶತ್ರುವಿಗೆ ತಿಳಿಸುವುದು ಭಿನ್ನಮತವಲ್ಲ, ಮೂರ್ಖತನ ಅಥವಾ ದ್ರೋಹ.

ಆದರೆ ಗೆಳೆಯನ ಪ್ರಶ್ನೆಯಿಂದ ಶತ್ರುವಿಗೆ ಏನು ತಿಳಿಯುತ್ತಿತ್ತು? ಕರಾಚಿ ಬಂದರು ಇದೆಯೋ ಇಲ್ಲವೋ ಎಂಬುದು ಕರಾಚಿಯವರಿಗೆ ಗೊತ್ತಿತ್ತು. ಮಹಡಿ ಹತ್ತಿದ ಮುದುಕಿಗೂ ಗೊತ್ತಿತ್ತು. ಗೊತ್ತಿಲ್ಲದವರು ನಾವು. ಆ ರಾತ್ರಿಯ ಸುದ್ದಿಯನ್ನು ಕಾಪಾಡಿದ್ದು ಶತ್ರುವಿನಿಂದಲ್ಲ, ನಮ್ಮಿಂದಲೇ. ಅದೇ ಮೇ 8ರಂದು ‘ಎಕ್ಸ್’ ಕಂಪನಿ, ಭಾರತದಲ್ಲಿ 8 ಸಾವಿರಕ್ಕೂ ಹೆಚ್ಚು ಖಾತೆಗಳನ್ನು ತಡೆಹಿಡಿಯುವಂತೆ ಸರ್ಕಾರದ ಆದೇಶ ಬಂದಿದೆ ಎಂದು ಪ್ರಕಟಿಸಿತು. ಅವುಗಳಲ್ಲಿ ಎಷ್ಟೋ ಪಾಕಿಸ್ತಾನದ ಸುಳ್ಳು ಹಬ್ಬಿಸುವವರ ಖಾತೆಗಳೇ ಇದ್ದಿರಬಹುದು. ಆದರೆ ಇಸ್ಲಾಮಾಬಾದ್ ಗೆದ್ದ ವಾಹಿನಿಗಳು ಮಾತ್ರ ಯಾವ ತಡೆಯೂ ಇಲ್ಲದೆ ಬೆಳಗಿನವರೆಗೂ ಗೆಲ್ಲುತ್ತಲೇ ಇದ್ದವು.

ಇನ್ನು ‘ನಾವಿಲ್ಲಿ ಪರದೇಶದಲ್ಲಿದ್ದೇವೆ’ ಎಂಬ ನನ್ನ ಕಾರಣ. ದುಡಿಯಲು ಬಂದ ದೇಶದಲ್ಲಿ ರಾಜಕೀಯದ ಮಾತು ಬೇಡ ಎಂಬುದು ಕೊಲ್ಲಿಯಲ್ಲಿರುವ ಪ್ರತಿಯೊಬ್ಬನೂ ಮೊದಲ ವಾರದಲ್ಲೇ ಕಲಿಯುವ ಪಾಠ. ಅದು ಒಳ್ಳೆಯ ಪಾಠವೇ. ಆದರೆ ಆ ಪಾಠ ನೆನಪಾಗಿದ್ದರೆ ನಾನು ಮೊದಲು ತೆಗೆದುಹಾಕಬೇಕಾದದ್ದು ನೆರೆಯ ದೇಶದವರ ಕುಲಗೋತ್ರ ಎತ್ತಿ ಬೈದವರನ್ನು. ಭಾರತೀಯರೂ ಪಾಕಿಸ್ತಾನಿಗಳೂ ಒಂದೇ ಆಫೀಸಿನಲ್ಲಿ, ಒಂದೇ ಕಟ್ಟಡದಲ್ಲಿ ಬದುಕುವ ಊರಿನಲ್ಲಿ ತೊಂದರೆ ತರುವ ಮಾತು ಅದು. ಅಂಥವರು ನಾಲ್ಕೈದು ಜನ ಇದ್ದರು, ಈಗಲೂ ಇದ್ದಾರೆ. ನಿಯಮ ಒಂದೇ ಕಡೆಗೆ ತೂಗಿತು ಎಂದರೆ ತಕ್ಕಡಿ ಹಿಡಿದವನ ಕೈಯನ್ನು ನೋಡಬೇಕಾಗುತ್ತದೆ.

ನಾನು ಬ್ಯಾಡಗಿಯವನು. ಅಪ್ಪ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಕಿರ್ದಿ ಖಾತೆಗಳ ನಡುವೆಯೇ ಬೆಳೆದೆ. ಬಿ.ಕಾಂ. ಮುಗಿಸಿ ಸಿ.ಎ. ಆರ್ಟಿಕಲ್‌ಶಿಪ್‌ಗೆ ಹುಬ್ಬಳ್ಳಿಯ ಲೆಕ್ಕಪರಿಶೋಧಕರೊಬ್ಬರಲ್ಲಿ ಸೇರಿದಾಗ ಮೊದಲ ವರ್ಷವೇ ನನ್ನನ್ನು ಒಂದು ಕಂಪನಿಯ ದಾಸ್ತಾನು ಎಣಿಸಲು ಕಳಿಸಿದರು. ಪುಸ್ತಕದಲ್ಲಿ 4 ಸಾವಿರ ಚೀಲ ಮೆಣಸಿನಕಾಯಿ ಇತ್ತು. ಕೋಲ್ಡ್ ಸ್ಟೋರೇಜಿನ ಚಳಿಯಲ್ಲಿ ಸ್ವೆಟರ್ ಹಾಕಿಕೊಂಡು, ಕೆಮ್ಮುತ್ತ, ಸೀನುತ್ತ ಎರಡು ದಿನ ಎಣಿಸಿದೆ. 3,100 ಆಯಿತು. ಮತ್ತೊಮ್ಮೆ ಎಣಿಸಿದೆ. ಅಷ್ಟೇ ಆಯಿತು. ಅಲ್ಲಿಯ ಮ್ಯಾನೇಜರು ನನಗೆ ಚಹಾ ತರಿಸಿಕೊಟ್ಟು, ಹೆಗಲ ಮೇಲೆ ಕೈಯಿಟ್ಟು, ‘ನೀವು ನಮ್ಮ ಊರಾವ್ರ ಅಲ್ಲೇನು? ಹೊರಗಿನವ್ರ ಗತೆ ಯಾಕ ಮಾಡ್ತೀರಿ?’ ಎಂದರು. ಇಪ್ಪತ್ತೊಂದರ ಹುಡುಗನಿಗೆ ಆ ಮಾತು ಎಷ್ಟು ಹಿತವಾಗಿ ಕೇಳಿಸಿತೆಂದರೆ, ಬಸ್ಸಿನಲ್ಲಿ ವಾಪಸು ಬರುವಾಗ 3,100 ಎಂದು ಬರೆಯುವುದು ಊರಿಗೇ ಮಾಡುವ ಅನ್ಯಾಯ ಎನಿಸತೊಡಗಿತ್ತು. ನಮ್ಮ ಸರ್ ಹಾಳೆ ನೋಡಿದರು, ನನ್ನ ಮುಖ ನೋಡಿದರು. ಚೀಲ ಎಷ್ಟು ಎಂದಷ್ಟೇ ಕೇಳಿದರು. ಆ ವರ್ಷದ ವರದಿಯಲ್ಲಿ ಆಕ್ಷೇಪಣೆ ಬರೆದರು. ಮುಂದಿನ ವರ್ಷ ಆ ಕಂಪನಿ ಬೇರೆ ಲೆಕ್ಕಪರಿಶೋಧಕರನ್ನು ನೋಡಿಕೊಂಡಿತು.

ನಮ್ಮ ವೃತ್ತಿಯ ವಿಚಿತ್ರ ಇದು. ವರದಿ ಬರೆಯುವುದು ಕಂಪನಿಯ ಷೇರುದಾರರಿಗೆ, ಅದನ್ನು ನಡೆಸುವ ಮ್ಯಾನೇಜರಿಗಲ್ಲ. ಆದರೆ ದಿನವೂ ಮುಖ ನೋಡಬೇಕಾದದ್ದು, ಚಹಾ ಕುಡಿಯಬೇಕಾದದ್ದು ಮ್ಯಾನೇಜರ ಜೊತೆ. ಕ್ರಮೇಣ ಅವರೇ ಕಂಪನಿ ಎನಿಸಿಬಿಡುತ್ತದೆ. ನಾನು ಸಿ.ಎ. ಪಾಸಾಗಿ ಕೆಲ ವರ್ಷಗಳಲ್ಲಿ, 2009ರ ಜನವರಿ 7ರಂದು, ಸತ್ಯಂ ಕಂಪನಿಯ ಅಧ್ಯಕ್ಷರು ತಮ್ಮ ಲೆಕ್ಕದಲ್ಲಿದ್ದ 5,040 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ಇಲ್ಲವೇ ಇಲ್ಲ ಎಂದು ತಾವೇ ಪತ್ರ ಬರೆದರು. ದೇಶದ ಹೆಮ್ಮೆ ಎನಿಸಿಕೊಂಡಿದ್ದ ಕಂಪನಿ ಅದು. ಹೆಮ್ಮೆಯ ಎದುರು ಬ್ಯಾಂಕಿನ ಕಾಗದ ಸರಿಯಾಗಿ ತೋರಿಸಿ ಎನ್ನುವುದು ಒರಟುತನದಂತೆ ಕಾಣುತ್ತದೆ.

ದೇಶ ಕಂಪನಿಯಲ್ಲ, ಗೊತ್ತಿದೆ. ಷೇರು ಮಾರಿ ಹೊರಬರುವ ಹಾಗೆ ಅದರಿಂದ ಹೊರಬರಲಾಗುವುದಿಲ್ಲ. ಪಾಸ್‌ಪೋರ್ಟ್ ಬದಲಿಸಿದವರಿಗೂ ಆಗಿಲ್ಲ. ಆದರೂ 1962ರ ದಾಖಲೆ ಓದುವಾಗ ನನ್ನ ಕಣ್ಣು ತಾರೀಖುಗಳ ಮೇಲೆಯೇ ಹೋಗುತ್ತದೆ. ಚೀನಾದ ದಾಳಿ ಶುರುವಾದದ್ದು ಅಕ್ಟೋಬರ್ 20ಕ್ಕೆ, ಕದನ ನಿಂತದ್ದು ನವೆಂಬರ್ 21ಕ್ಕೆ. ಅಕ್ಟೋಬರ್ 26ರಂದು ಘೋಷಿಸಿದ ತುರ್ತುಪರಿಸ್ಥಿತಿ ತೆರವಾದದ್ದು 1968ರ ಜನವರಿಯಲ್ಲಿ. ಒಂದು ತಿಂಗಳ ಯುದ್ಧಕ್ಕೆ ಐದು ವರ್ಷ ಮೀರಿದ ತುರ್ತು. ಭಾರತ ರಕ್ಷಣಾ ಕಾಯ್ದೆಯಡಿ ಕಮ್ಯುನಿಸ್ಟರನ್ನು ಒಳಗೆ ಹಾಕಿದರು. ಚೀನೀ ಮೂಲದ ಸುಮಾರು 3 ಸಾವಿರ ಜನರನ್ನು, ಮಕ್ಕಳು ಮುದುಕರೆನ್ನದೆ, ಅಸ್ಸಾಂ ಮತ್ತು ಬಂಗಾಳದಿಂದ ರೈಲಿನಲ್ಲಿ ತುಂಬಿ ರಾಜಸ್ಥಾನದ ದೇವಲಿ ಶಿಬಿರಕ್ಕೆ ಸಾಗಿಸಿದರು. 1971ರಲ್ಲಿ ಯುದ್ಧ ನಡೆದದ್ದು 13 ದಿನ. ಆ ಡಿಸೆಂಬರ್ 3ರ ತುರ್ತುಪರಿಸ್ಥಿತಿ 1977ರ ಮಾರ್ಚ್‌ವರೆಗೆ ಎದ್ದೇ ಇತ್ತು. ಯುದ್ಧಕ್ಕೆಂದು ಪಡೆದ ಸಾಲವನ್ನು ಶಾಂತಿ ಬಂದ ಮೇಲೂ ತೀರಿಸದೆ ಉಳಿಸಿಕೊಳ್ಳುವುದು ಸರ್ಕಾರಗಳ ಹಳೆಯ ಅಭ್ಯಾಸ, ಪಕ್ಷ ಯಾವುದೇ ಇರಲಿ.

ಆದರೆ ಅದೇ 1962ರ ಇನ್ನೊಂದು ಪುಟವೂ ಇದೆ. ಯುದ್ಧ ನಡೆಯುತ್ತಿರುವಾಗಲೇ ಸಂಸತ್ತು ಸೇರಬೇಕು ಎಂದು ಯುವ ಸದಸ್ಯ ವಾಜಪೇಯಿ ಮತ್ತಿತರ ವಿರೋಧಪಕ್ಷದವರು ಕೇಳಿದರು. ನೆಹರೂ ಅಧಿವೇಶನವನ್ನು ಹಿಂದಕ್ಕೆ ತಂದು ನವೆಂಬರ್ 8ಕ್ಕೆ ಕರೆದರು. ಸೈನಿಕರು ಗಡಿಯಲ್ಲಿ ಸಾಯುತ್ತಿರುವಾಗಲೇ ಸರ್ಕಾರದ ತಪ್ಪುಗಳ ಚರ್ಚೆ ಸದನದಲ್ಲಿ ಬಹಿರಂಗವಾಗಿ ನಡೆಯಿತು. ಅಷ್ಟರಲ್ಲಿ ಸ್ವಂತ ಪಕ್ಷದವರ ಒತ್ತಡಕ್ಕೇ ರಕ್ಷಣಾ ಸಚಿವ ಕೃಷ್ಣ ಮೆನನ್ ಸ್ಥಾನ ಕಳೆದುಕೊಂಡಿದ್ದರು. ಹೆಣ ಮನೆಯಲ್ಲಿರುವಾಗಲೇ ಲೆಕ್ಕ ಕೇಳಿದ್ದರು. ಸೈನಿಕನ ಕಾಲಿಗೆ ಚಳಿಯ ಬೂಟು ಯಾಕಿಲ್ಲ ಎಂಬ ಲೆಕ್ಕವನ್ನು ಯುದ್ಧ ಮುಗಿದ ಮೇಲೆ ಕೇಳಿ ಏನು ಪ್ರಯೋಜನ? ಅದೇ ವಾಜಪೇಯಿ 1975ರ ಜೂನ್ 26ರಂದು ಬೆಂಗಳೂರಿನಲ್ಲೇ ಬಂಧಿತರಾಗಿ ಅಲ್ಲಿಯ ಕೇಂದ್ರ ಕಾರಾಗೃಹ ಸೇರಿದರು. ಬಂಧಿಸಿದ ಮೀಸಾ ಕಾಯ್ದೆ ಬಂದದ್ದು 1971ರಲ್ಲಿ, ಬಾಂಗ್ಲಾ ಯುದ್ಧದ ವರ್ಷ.

ಲೆಕ್ಕಿಗನಾಗಿ ನನ್ನನ್ನು ಹೆಚ್ಚು ಕಾಡುವುದು ಎರಡು ವರದಿಗಳು. 1962ರ ಸೋಲಿನ ಬಗ್ಗೆ ಸೈನ್ಯವೇ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಎಂಬ ಇಬ್ಬರು ಅಧಿಕಾರಿಗಳಿಂದ ತನಿಖೆ ಮಾಡಿಸಿತು. ವರದಿ 1963ರಲ್ಲೇ ಕೈಸೇರಿತು. ಯಾವ ಪಕ್ಷದ ಸರ್ಕಾರವೂ ಅದನ್ನು ಪ್ರಕಟಿಸಿಲ್ಲ. 2014ರಲ್ಲಿ ಅದರ ಒಂದು ಭಾಗವನ್ನು ಜಗತ್ತಿಗೆ ತೋರಿಸಿದವರು ನೆವಿಲ್ ಮ್ಯಾಕ್ಸ್‌ವೆಲ್ ಎಂಬ ವಿದೇಶಿ ಪತ್ರಕರ್ತ. ಅಂದು ಎಲ್ಲಿ ಏನಾಯಿತು ಎಂಬುದು ಚೀನಾಕ್ಕೆ ಆ ದಿನವೇ ಗೊತ್ತಿತ್ತು. ಇಲ್ಲೂ ಗೊತ್ತಿಲ್ಲದವರು ನಾವು. ಇನ್ನೊಂದು, 1999ರ ಕಾರ್ಗಿಲ್ ಯುದ್ಧದ ನಂತರ ವಾಜಪೇಯಿ ಸರ್ಕಾರ ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯಲ್ಲಿ ನೇಮಿಸಿದ ಪರಿಶೀಲನಾ ಸಮಿತಿ. ಗುಪ್ತಚರ ವ್ಯವಸ್ಥೆ ಎಲ್ಲಿ ಸೋತಿತು ಎಂದು ಅದು ಬರೆದ ವರದಿಯನ್ನು, ಕೆಲವು ಭಾಗ ಮುಚ್ಚಿ, 2000ದ ಫೆಬ್ರುವರಿಯಲ್ಲಿ ಸಂಸತ್ತಿನ ಮುಂದಿಟ್ಟರು. ಅದರ ನಂತರ ರಕ್ಷಣಾ ಗುಪ್ತಚರದ ಹೊಸ ಸಂಸ್ಥೆಗಳು ಹುಟ್ಟಿದವು. ಗೆದ್ದ ಯುದ್ಧದ ಆಡಿಟ್ ಹೊರಬಂತು, ಸೋತ ಯುದ್ಧದ್ದು ಬೀಗದೊಳಗೆ ಉಳಿಯಿತು. ನಮ್ಮ ಕಸುಬಿನಲ್ಲಿ ಇದು ತಿರುಗುಮುರುಗಾಗಿ ಆಗಬೇಕಿತ್ತು.

ಇಷ್ಟು ದೊಡ್ಡ ಮಾತುಗಳ ನಡುವೆ 2019ರ ಒಂದು ವಿಡಿಯೊ ಪದೇ ಪದೇ ನೆನಪಾಗುತ್ತದೆ. ಫೆಬ್ರುವರಿ 14ರಂದು ಪುಲ್ವಾಮಾದಲ್ಲಿ ಸಿಆರ್‌ಪಿಎಫ್‌ನ 40 ಯೋಧರು ಹತರಾದರು. ಮದ್ದೂರು ತಾಲ್ಲೂಕಿನ ಗುಡಿಗೆರೆಯ ಹುಡುಗನೊಬ್ಬ ಅವರಲ್ಲಿದ್ದ. 26ರಂದು ಬಾಲಾಕೋಟ್ ದಾಳಿ. ಮಾರ್ಚ್ ಮೊದಲ ವಾರ ವಿಜಯಪುರದ ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕರೊಬ್ಬರು ಯುದ್ಧೋತ್ಸಾಹವನ್ನು ಟೀಕಿಸಿ ಫೇಸ್‌ಬುಕ್ಕಿನಲ್ಲಿ ಬರೆದರೆಂದು ಒಂದು ಗುಂಪು ಕಾಲೇಜಿಗೆ ನುಗ್ಗಿತು. ಎಲ್ಲರೆದುರು ಅವರನ್ನು ಮಂಡಿಯೂರಿಸಿ ಕ್ಷಮೆ ಕೇಳಿಸಿದರು. ಇಲ್ಲಿ ಮಸ್ಕತ್ತಿನಲ್ಲಿ ಕುಳಿತು ಅದನ್ನು ನೋಡಿದಾಗ ನನಗೆ ಬಂದ ಮೊದಲ ವಿಚಾರ ‘ಈ ಹೊತ್ತಿನಲ್ಲಿ ಬರೆಯಬಾರದಿತ್ತು’ ಎಂಬುದು. ಆ ಮಾತನ್ನು ಹೆಂಡತಿಯ ಎದುರು ಹೇಳಿಯೂ ಹೇಳಿದೆ. ‘ನಿಮ್ಮ ಪಾಠದ ಮಾಸ್ತರರನ್ನ ಹಿಂಗ ಕೂಡ್ರಿಸಿದ್ರ?’ ಎಂದು ಕೇಳಿ ಅವಳು ಒಳಗೆ ಹೋದಳು.

ಇನ್ನೊಬ್ಬರ ಮಾತು ಹೇಳಲೇಬೇಕು. ಪಹಲ್ಗಾಮಿನಲ್ಲಿ ಹತರಾದ ನೌಕಾಪಡೆಯ ಯುವ ಅಧಿಕಾರಿಯ ಪತ್ನಿ, ಮದುವೆಯಾಗಿ ಒಂದು ವಾರವೂ ಕಳೆದಿರದ ಹುಡುಗಿ, ಕೊಂದವರಿಗೆ ಶಿಕ್ಷೆಯಾಗಲಿ, ಆದರೆ ಮುಸ್ಲಿಮರನ್ನೋ ಕಾಶ್ಮೀರಿಗಳನ್ನೋ ಗುರಿ ಮಾಡಬೇಡಿ ಎಂದರು. ಅವರ ಮೇಲೆ ಬಂದ ಬೈಗುಳ ಎಂಥದ್ದೆಂದರೆ ರಾಷ್ಟ್ರೀಯ ಮಹಿಳಾ ಆಯೋಗವೇ ಖಂಡಿಸಬೇಕಾಯಿತು. ಮೇ 10ರಂದು ಕದನವಿರಾಮದ ಸುದ್ದಿ ಹೇಳಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರನ್ನೂ ಅವರ ಮನೆಯವರನ್ನೂ ಬಿಡಲಿಲ್ಲ; ಅವರು ತಮ್ಮ ಖಾತೆಗೆ ಬೀಗ ಹಾಕಿಕೊಂಡರು. ಅದಕ್ಕೂ ಮೊದಲು ನಾನು ಒಂದು ಲೆಕ್ಕ ಇಟ್ಟುಕೊಂಡಿದ್ದೆ: ದೇಶಕ್ಕಾಗಿ ಏನಾದರೂ ತೆತ್ತವರಿಗೆ ಮಾತಾಡುವ ಹಕ್ಕಿದೆ, ನಮ್ಮಂಥವರು ಸುಮ್ಮನಿರಬೇಕು. ಆ ಲೆಕ್ಕವೂ ತಪ್ಪಿತು. ಗಂಡನನ್ನೇ ತೆತ್ತವಳಿಗೂ ಬಾಯಿ ತೆರೆಯಲು ಪರವಾನಗಿ ಇರಲಿಲ್ಲ. ಏನೂ ತೆರದ ನಮಗೆ ಮಾತ್ರ ಕೂಗಲು ಪೂರ್ತಿ ಸ್ವಾತಂತ್ರ್ಯ. ನಮ್ಮ ಗುಂಪಿನ 62 ಜನರಲ್ಲಿ ಗಡಿಯಲ್ಲಿ ಮಗನಿದ್ದವರು ಒಬ್ಬರೂ ಇರಲಿಲ್ಲ. ಆ ಹಿರಿಯರು ಹೇಳಿದ್ದು ನಿಜ, ಹೆಣವಿರುವ ಮನೆಯಲ್ಲಿ ಲೆಕ್ಕ ಕೇಳುವುದು ಚೆನ್ನಾಗಿ ಕಾಣುವುದಿಲ್ಲ. ಹೆಣವಿರುವ ಮನೆಯಲ್ಲಿ ಪಟಾಕಿಯನ್ನೂ ಹಚ್ಚುವುದಿಲ್ಲ.

ಊರು ಬಿಟ್ಟವರಲ್ಲಿ ಈ ಕೂಗು ಸ್ವಲ್ಪ ಹೆಚ್ಚೇ ಇರುತ್ತದೆ ಎಂದು ನನ್ನ ಅನುಮಾನ. ಬಿಟ್ಟುಬಂದದ್ದರ ಒಂದು ಅಳುಕು ಒಳಗೆ ಇರುತ್ತದೆ. ತಾಯಿಗೆ ದುಡ್ಡು ಕಳಿಸಿ, ಆಸ್ಪತ್ರೆಗೆ ಕರೆದೊಯ್ಯಲಾಗದ ಮಗ ಫೋನಿನಲ್ಲಿ ಜೋರಾಗಿ ಮಾತಾಡುತ್ತಾನಲ್ಲ, ಹಾಗೆ. ಆ ರಾತ್ರಿ ನಾನು ಹಾಕಿದ ಧ್ವಜದಲ್ಲಿ ಅದೂ ಇತ್ತು.

ನಾನು ದುಡಿಯುವ ಈ ದೇಶವೂ ಒಂದು ಅಂತರ್ಯುದ್ಧ ಕಂಡಿದೆ. ಧೋಫಾರಿನಲ್ಲಿ 1965ರಿಂದ ಸುಮಾರು ಹತ್ತು ವರ್ಷ ದಂಗೆ ನಡೆಯಿತು. 1970ರಲ್ಲಿ ಪಟ್ಟಕ್ಕೆ ಬಂದ ಸುಲ್ತಾನ್ ಕಾಬೂಸ್ ಬಂಡುಕೋರರಿಗೆ ಕ್ಷಮಾದಾನ ಘೋಷಿಸಿದರು. ಒಂದು ಕಾಲಕ್ಕೆ ಆ ಧೋಫಾರ್ ವಿಮೋಚನಾ ರಂಗದಲ್ಲಿದ್ದ ಯೂಸುಫ್ ಬಿನ್ ಅಲಾವಿ ಮುಂದೆ 1997ರಿಂದ 2020ರವರೆಗೆ ಒಮಾನಿನ ವಿದೇಶಾಂಗ ವ್ಯವಹಾರ ನೋಡಿಕೊಂಡರು. ಆಯುಧ ಹಿಡಿದ ರಂಗದವರನ್ನೇ ಹೀಗೆ ಒಳಗೆ ಕರೆದುಕೊಂಡ ಊರಿನಲ್ಲಿ ಕುಳಿತು ನಾನು, ವೋಚರ್ ಕೇಳಿದವನನ್ನು ಹೊರಗೆ ಹಾಕಿದ್ದೆ. ನಮ್ಮ ಕಡೆಯದೇ ಬೇಕೆಂದರೆ, ರಜೆಗೆ ಹೋದಾಗಲೆಲ್ಲ ಹಾವೇರಿಯ ರೈಲು ನಿಲ್ದಾಣದ ಫಲಕದ ಮೇಲೆ ಮೈಲಾರ ಮಹದೇವಪ್ಪನವರ ಹೆಸರು ಓದುತ್ತೇನೆ. ನಮ್ಮ ತಾಲ್ಲೂಕಿನ ಮೋಟೆಬೆನ್ನೂರಿನವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡೇಟಿಗೆ ಬಿದ್ದರು. ಎರಡನೇ ಮಹಾಯುದ್ಧದ ನಡುವೆ ಸರ್ಕಾರದ ಕಂದಾಯದ ಹಣಕ್ಕೆ ಕೈಹಾಕಿದವರನ್ನು ಅಂದಿನ ಸರ್ಕಾರ ಏನೆಂದು ಕರೆದಿದ್ದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆಗಸ್ಟಿನಲ್ಲಿ ಗೆಳೆಯನಿಗೆ ಫೋನ್ ಮಾಡಿದೆ. ಮೂರು ತಿಂಗಳು ಬೇಕಾಯಿತು. ಅಷ್ಟರಲ್ಲಿ ಬಂದರಿನ ಸುದ್ದಿ ಸುಳ್ಳೆಂದು ಜಗತ್ತಿಗೇ ತಿಳಿದಿತ್ತು. ಗುಂಪಿನಲ್ಲಿ ಮತ್ತೆ ಜೋಳದ ಹಿಟ್ಟಿನ ಮಾತು ಶುರುವಾಗಿತ್ತು, ಆ ರಾತ್ರಿಯ ಬಗ್ಗೆ ಯಾರೂ ಎತ್ತಿರಲಿಲ್ಲ. ಅವನಿಗೆ ಕೇಮಾಡಿಯ ಮುದುಕಿಯ ಕತೆ ಹೇಳಿದೆ. ಮರುದಿನ ಬೆಳಿಗ್ಗೆಯೇ ನನಗೆ ಗೊತ್ತಿತ್ತು ಎಂಬುದನ್ನೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ.

‘ಅವತ್ತ ಹೇಳಬೇಕಾಗಿತ್ತಲ್ಲೋ’ ಎಂದ.

‘ಹೌದು’ ಎಂದೆ.

‘ನೀ ತೆಗೆದದ್ದಕ್ಕ ನನಗ ಸಿಟ್ಟಿಲ್ಲ. ನಾ ಅಡ್ಮಿನ್ ಇದ್ದಿದ್ರ ನಾನೂ ತೆಗೀತಿದ್ನೇನೋ. ಆದ್ರ ಬೆಳಿಗ್ಗೆ ಗೊತ್ತಾದ ಮ್ಯಾಲ...’ ಅಷ್ಟಕ್ಕೇ ಬಿಟ್ಟ. ಆಮೇಲೆ ಆ ತಾಯಿ ಹೇಗಿದ್ದಾರೆ, ಮಹಡಿ ಹತ್ತುವ ವಯಸ್ಸೇ ಅದು ಎಂದು ವಿಚಾರಿಸಿದ. ಗುಂಪಿಗೆ ಮತ್ತೆ ಸೇರಿಸುತ್ತೇನೆ ಎಂದೆ. ‘ಅವಸರ ಇಲ್ಲ. ಮೊದ್ಲ ಅಲ್ಲಿ ಆ ಮುದುಕಿ ಕತಿ ಬರಿ’ ಎಂದ.

ಈ ಸಂಕಲನಕ್ಕೆ ಬರೆದು ಕೊಡುತ್ತಿದ್ದೇನೆ. ಗುಂಪಿನಲ್ಲಿ ಇನ್ನೂ ಬರೆದಿಲ್ಲ.